ನಿಶಾತಳ ಟಾಂಗಾ

ಗಂಗಾವತಿಯಲ್ಲಿ ನಿಶಾತಳ ಮನೆ ಯಾವುದೆಂದು ಕೇಳಿದರೆ ಜನ "ಯಾವ ನಿಶಾತ, ಟ್ಯಾಂಗೋ ನಿಶಾತ ಏನ್ರೀ?" ಎಂದು ತಿರುಗಿ ಕೇಳುತ್ತಾರೆ. ಹೌದೆಂದರೆ ಅಕ್ಕಿ ಗಿರಣಿಯ ಹಿಂದಿನ ಓಣಿ ತೋರಿಸುತ್ತಾರೆ. ಆದರೆ ಆ ಹೆಸರನ್ನು ಅವಳ ಎದುರಿಗೆ ಹೇಳುವ ಧೈರ್ಯ ಯಾರೂ ಮಾಡುವುದಿಲ್ಲ. ತಿಳಿಯದೆ ಹೇಳಿದವರಿಗೆ ಆ ಮನೆಯಲ್ಲಿ ಚಹಾಕ್ಕಿಂತ ಮೊದಲು ಬೈಗುಳ ಸಿಗುತ್ತದೆ.

"ಟ್ಯಾಂಗೋ ಅನ್ನೂದು ಎಲ್ಲಿದೋ ದೇಶದ್ದು. ನಂದು ಟಾಂಗಾ. ಕುದುರಿ ಗಾಡಿ. ಬಾಯಿ ತುಂಬ ಟಾಂಗಾ ಅನ್ರಿ, ಆಮ್ಯಾಲ ಚಹಾ ಕುಡೀರಿ."

ಟ್ಯಾಂಗೋ ಎಂದರೆ ಅರ್ಜೆಂಟೀನಾ ಕಡೆ ಹುಟ್ಟಿದ ಸಂಗೀತ. ಗಂಡು ಹೆಣ್ಣು ಕೈ ಹಿಡಿದು, ಎದೆಗೆ ಎದೆ ಕೊಟ್ಟು, ಸರಕ್ಕನೆ ಹೆಜ್ಜೆ ಹಾಕಿ ಗಕ್ಕನೆ ನಿಲ್ಲುವ ಕುಣಿತ ಅದರದು. ಟಾಂಗಾ ಎಂದರೇನೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಇವೆರಡರ ನಡುವೆ ಇರುವುದು ತಪ್ಪಾಗಿ ಕೇಳಿಸಿಕೊಂಡ ಒಂದೇ ಒಂದು ಮಾತು. ಆ ತಪ್ಪಿನ ಮೇಲೆ ನಿಶಾತ ತನ್ನ ಸಂಗೀತವನ್ನೆಲ್ಲ ಕಟ್ಟಿದ್ದಾಳೆ. ತಿದ್ದಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದಾಳೆ.

ಅವಳ ಅಪ್ಪ ಬಾಬಾಸಾಬ ಟಾಂಗಾ ಹೊಡೆಯುತ್ತಿದ್ದ. ಬಸ್ ಸ್ಟ್ಯಾಂಡಿನಿಂದ ಗಿರಣಿಗಳಿಗೆ, ಗಿರಣಿಗಳಿಂದ ಬಜಾರಕ್ಕೆ, ದಿನವಿಡೀ ಅದೇ ದಾರಿ. ಕುದುರೆಯ ಹೆಸರು ಬಿಜಲಿ. ಮಿಂಚು ಎಂದು ಹೆಸರಿಟ್ಟವನು ಬಾಬಾಸಾಬನೇ. ಅದು ಓಡಿದ್ದನ್ನು ಕಂಡವರು ಮಾತ್ರ ಊರಲ್ಲಿ ಯಾರೂ ಇರಲಿಲ್ಲ. ಅದರ ಹಿಂದಿನ ಎಡಗಾಲಿಗೆ ಎಂದೋ ಕಾಲುವೆ ದಂಡೆಯ ಕಲ್ಲು ತಾಗಿ ಪೆಟ್ಟಾಗಿತ್ತು. ಮೂರು ಕಾಲು ಸರಿಯಾಗಿ ಬೀಳುತ್ತಿದ್ದವು. ನಾಲ್ಕನೆಯದು ಚೂರು ತಡೆದು, ಬೀಳಲೋ ಬೇಡವೋ ಎಂದು ಯೋಚಿಸಿ ಬೀಳುತ್ತಿತ್ತು. ಟಕ್, ಟಕ್, ಟಕ್, ಆಮೇಲೆ ಒಂದು ಬಿಡುವು, ಮತ್ತೆ ಟಕ್. ಓಣಿಯ ಹೆಂಗಸರು ಒಲೆ ಮುಂದೆ ಕೂತಲ್ಲೇ ಬಾಬಾಸಾಬ ಬಂದನೆಂದು ಹೇಳುತ್ತಿದ್ದರು.

ಉಳಿದ ಟಾಂಗಾದವರು ಅವನನ್ನು ಕಾಡಿಸುತ್ತಿದ್ದರು. "ಮಾರಿಬಿಡಪಾ ಸಾಬ, ಕುಂಟು ಕುದುರಿ ಕಟಗೊಂಡು ಏನ ಮಾಡ್ತಿ?"

"ಕುಂಟಲ್ಲದು," ಎನ್ನುತ್ತಿದ್ದ ಬಾಬಾಸಾಬ. "ಮೂರು ಹೆಜ್ಜಿ ಗಿರಾಕಿ ಸಲುವಾಗಿ ಹಾಕ್ತೈತಿ. ನಾಲ್ಕನೇದು ತನ್ನ ಸಲುವಾಗಿ. ಅದರಾಗ ನಾ ಯಾಕ ಬಾಯಿ ಹಾಕ್ಲಿ?"

ನಿಶಾತ ಚಿಕ್ಕಂದಿನಿಂದ ಆ ಗಾಡಿಯಲ್ಲಿ ಅಪ್ಪನ ಪಕ್ಕದಲ್ಲಿ ಕೂತು ಬೆಳೆದವಳು. ಊರಿಗೆ ನಾಟಕ ಕಂಪನಿ ಬಂದು ಡೇರೆ ಹಾಕಿದಾಗ ಕಂಪನಿಯ ಪೇಟಿ ಮಾಸ್ತರ, ಅಂದರೆ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ನುಡಿಸುವ ಲಕ್ಷ್ಮಣಪ್ಪನನ್ನು, ಬಿಡಾರದಿಂದ ಡೇರೆಗೆ ಕರೆದೊಯ್ಯುವ ಕೆಲಸ ಬಾಬಾಸಾಬನಿಗೆ ಸಿಕ್ಕಿತು. ಲಕ್ಷ್ಮಣಪ್ಪ ಗಾಡಿಯಲ್ಲಿ ಕೂತು ರಂಗಗೀತೆ ಗುನುಗಿದರೆ ಹುಡುಗಿ ಗಾಡಿಯ ಹಲಗೆಯ ಮೇಲೆ ಬೆರಳು ಬಡಿಯುತ್ತಿದ್ದಳು. ಅವನ ತಾಳಕ್ಕೆ ಸೇರದೆ ಬಿಜಲಿಯ ಕಾಲಿಗೆ ಸೇರುವಂತೆ ಬಡಿಯುತ್ತಿದ್ದಳು. ಮಾಸ್ತರನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಆಸೆ ಬಂತು. ಡೇರೆಯಲ್ಲಿ ಹಗಲು ಹೊತ್ತು ಖಾಲಿ ಬಿದ್ದಿರುತ್ತಿದ್ದ ಪೇಟಿಯ ಮುಂದೆ ಅವಳನ್ನು ಕೂಡಿಸಿದ.

ಲಕ್ಷ್ಮಣಪ್ಪನ ಬೆರಳುಗಳಿಗೆ ವಾತ ಹಿಡಿಯುವ ಹೊತ್ತಿಗೆ ನಿಶಾತ ಪ್ರಾಯಕ್ಕೆ ಬಂದಿದ್ದಳು, ಮಾಸ್ತರನ ಜಾಗದಲ್ಲಿ ಕೂಡುವಷ್ಟು ಕಲಿತಿದ್ದಳು. ಕಂಪನಿಯ ಕ್ಯಾಂಪು ಯಲಬುರ್ಗಾದಲ್ಲಿತ್ತು, ಅಲ್ಲಿಗೆ ಅವಳನ್ನೇ ಪೇಟಿಗೆ ಕರೆಸಿದರು. ಅವಳ ಅಮ್ಮ ಹಸನಬೀ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸದವಳು. ಸುದ್ದಿ ಕೇಳಿ ಮೊರ ಕೆಳಗಿಟ್ಟು ಬಾಯಿ ಬಡಿದುಕೊಂಡಳು. ಓಣಿಯ ಹಿರಿಯರು ಬಂದು ಬಾಬಾಸಾಬನನ್ನು ಸುತ್ತುಗಟ್ಟಿದರು. ಹೆಣ್ಣುಮಗಳನ್ನು ನಾಟಕದಲ್ಲಿ ಕುಣಿಯಲು ಕಳಿಸುತ್ತೀಯೇನು ಎಂದು ಕೇಳಿದರು.

"ಆಕಿ ಕುಣಿಯಾಕ ಹೊಂಟಿಲ್ರಿ," ಎಂದ ಬಾಬಾಸಾಬ ಕುದುರೆಗೆ ಹುಲ್ಲು ಹಾಕುತ್ತ. "ಕುಣಿಸಾಕ ಹೊಂಟಾಳ."

ಹಿರಿಯರು ಮೂಗು ಮುರಿಯುತ್ತ ಎದ್ದುಹೋದರು. ಮುಂದೆ ನಿಶಾತಳಿಗೆ ಗಂಡು ನೋಡುವಾಗ ಬಂದವರೆಲ್ಲ ಪೇಟಿ ಬಿಡಬೇಕೆಂಬ ಕರಾರು ಹಾಕಿದರು. ಆಟೋ ಓಡಿಸುತ್ತಿದ್ದ ವಾಹೀದನೊಬ್ಬ ಮಾತ್ರ ಪೇಟಿ ಎಷ್ಟು ಭಾರವಿದೆ ಎಂದು ಕೇಳಿದ. ಅದು ತನ್ನ ಆಟೋದ ಹಿಂದಿನ ಸೀಟಿನಲ್ಲಿ ಹಿಡಿಸುತ್ತದೋ ಇಲ್ಲವೋ ಎಂಬುದಷ್ಟೇ ಅವನ ಚಿಂತೆ. ಟಾಂಗಾದ ಹೊಟ್ಟೆಯ ಮೇಲೆ ಹೊಡೆದ ಆಟೋದವನೇ ಅಳಿಯನಾಗಿ ಬರಬೇಕೇ ಎಂದು ಬಾಬಾಸಾಬ ಕೆಲವು ದಿನ ಗೊಣಗಿ, ಮದುವೆಯ ದಿನ ಎಲ್ಲರಿಗಿಂತ ಜೋರಾಗಿ ನಕ್ಕ.

ಇನ್ನು ಆ ಮಾತನ್ನು ತಪ್ಪಾಗಿ ಕೇಳಿಸಿಕೊಂಡ ಕಥೆ. ಬೆಂಗಳೂರಿನ ಸಿನಿಮಾ ತಂಡವೊಂದು ಹೊಳೆಯ ದಂಡೆಯ ಬಂಡೆಗಳಲ್ಲಿ ಶೂಟಿಂಗಿಗೆ ಬಂದಿತ್ತು. ಜೊತೆಗೆ ಅವರ ಸಂಗೀತ ನಿರ್ದೇಶಕನೂ ಬಂದಿದ್ದ. ನಾಟಕ ಕಂಪನಿಯಲ್ಲಿ ಹೆಣ್ಣೊಬ್ಬಳು ಪೇಟಿ ನುಡಿಸುತ್ತಾಳೆಂದು ಯಾರೋ ಹೇಳಿದ್ದಕ್ಕೆ, ಮೋಜು ನೋಡಲೆಂದು ಕರೆಸಿದ. ಎರಡು ರಂಗಗೀತೆ ಕೇಳಿದ ಮೇಲೆ ಅವನ ಮೋಜು ಇಳಿಯಿತು, ವ್ಯಾಪಾರ ಏರಿತು.

"ನಾಳೆ ಬೆಳಗ್ಗೆ ನಂಗೊಂದು ಟ್ಯಾಂಗೋ ಮಾಡ್ಕೊಂಡು ಬನ್ನಿ. ವಿಲನ್ ಕ್ಲಬ್ ಸೀನು. ಸ್ವಲ್ಪ ತೂಗಾಡೋ ಥರ ಇರ್ಬೇಕು," ಎಂದ.

ನಿಶಾತಳ ಕಿವಿಗೆ ಬಿದ್ದದ್ದು ಟಾಂಗಾ. ಖಳನಾಯಕನ ಕ್ಲಬ್ಬಿನಲ್ಲಿ ಕುದುರೆ ಗಾಡಿಗೇನು ಕೆಲಸ ಎಂಬ ಅನುಮಾನ ಬಂದದ್ದು ನಿಜ. ಆದರೆ ಸಿನಿಮಾದವರ ರೀತಿಯೇ ಬೇರೆ, ತೂಗಾಡಬೇಕು ಎಂದೂ ಹೇಳಿದ್ದಾನೆ, ಟಾಂಗಾದಷ್ಟು ತೂಗಾಡುವುದು ಇನ್ನೇನಿದೆ ಎಂದುಕೊಂಡಳು. ಆಗ ಬಿಜಲಿ ತೀರಿಹೋಗಿ ಕೆಲವು ಕಾಲವಾಗಿತ್ತು. ಅದರ ನಡಿಗೆಯನ್ನೇ ಎಡಗೈಯ ಕೆಳಸ್ವರಗಳಲ್ಲಿ ಹಿಡಿದಳು. ಮೂರು ನೆಟ್ಟಗೆ, ನಾಲ್ಕನೆಯದು ತಡೆದು. ಮೇಲೆ ಬಲಗೈಯಲ್ಲಿ ಅಪ್ಪ ಗಾಡಿ ಹೊಡೆಯುತ್ತ ಗುನುಗುತ್ತಿದ್ದ ಯಾವುದೋ ಅರೆಬರೆ ಧಾಟಿಯನ್ನು ಸಾಕಿ ಬೆಳೆಸಿ ಕೂಡಿಸಿದಳು.

ಮರುದಿನ ಅದನ್ನು ಕೇಳಿದ ನಿರ್ದೇಶಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇದು ಟ್ಯಾಂಗೋ ಎಂದು ಯಾರು ಹೇಳಿದರು ಎಂದ. ಟಾಂಗಾ ಅಂತ ನೀವೇ ಹೇಳಿದಿರಲ್ಲ ಎಂದಳು ನಿಶಾತ. ಮತ್ತೊಮ್ಮೆ ನಗು. ಅಷ್ಟರಲ್ಲಿ ಮೂಲೆಯಲ್ಲಿ ನಿಂತಿದ್ದ ಡಾನ್ಸ್ ಮಾಸ್ಟರ್ ಒಬ್ಬನೇ ಹೆಜ್ಜೆ ಹಾಕತೊಡಗಿದ್ದ. ಮೂರು ಹೆಜ್ಜೆ ಜಾರಿ, ನಾಲ್ಕನೆಯದಕ್ಕೆ ಮೈ ತಡೆದು, ತಡೆದದ್ದನ್ನು ಬಿಟ್ಟು. ನಿರ್ದೇಶಕನ ನಗು ನಿಂತಿತು. ಇನ್ನೊಂದು ಸಲ ನುಡಿಸಿ ಎಂದ.

ಆ ಹಾಡು ಊರೂರು ಸುತ್ತಿತು. ಅಲ್ಲಿಂದ ಮುಂದೆ ಯಾವ ಸಿನಿಮಾದಲ್ಲಿ ಕೆಂಪು ದೀಪದ ಕ್ಲಬ್ಬು ಬಂದರೂ ಆ ಮನುಷ್ಯ ಗಂಗಾವತಿಗೆ ಫೋನು ಮಾಡುತ್ತಿದ್ದ. ನಿಶಾತ ಕ್ಯಾಸೆಟ್ಟಿನಲ್ಲಿ ನುಡಿಸಿ ಕಳಿಸುತ್ತಿದ್ದಳು, ಆಮೇಲಾಮೇಲೆ ಮೊಬೈಲಿನಲ್ಲಿ. ಕಪ್ಪು ಕೋಟಿನ ನಾಯಕ, ಉಗುರು ಕೆಂಪು ಮಾಡಿದ ನಾಯಕಿ, ಸಿಗಾರು ಸೇದುವ ಖಳ, ಎಲ್ಲರೂ ಗಂಗಾವತಿಯ ಕುಂಟು ಕುದುರೆಯ ಹೆಜ್ಜೆಗೇ ಕುಣಿದರು. ಹೆಸರು ಮಾತ್ರ ಪ್ರತಿ ಸಲವೂ ಅವನದೇ. ದುಡ್ಡು ಕೊಡುತ್ತಿದ್ದ, ಸುಳ್ಳು ಹೇಳಬಾರದು. ಹೆಸರು ಕೇಳಿದಾಗ ಮಾತ್ರ ಅವನ ಕಿವಿ ಮಂದವಾಗುತ್ತಿತ್ತು.

ಒಮ್ಮೆ ಅವಳು ಬಿಡದೆ ಕೇಳಿದ್ದಕ್ಕೆ ನಕ್ಕುಬಿಟ್ಟ. "ಟ್ಯಾಂಗೋ ಸಂಯೋಜನೆ, ಗಂಗಾವತಿ ನಿಶಾತ. ಹೀಗಂತ ಹಾಕಿದ್ರೆ ಯಾರು ನಂಬ್ತಾರೆ ಹೇಳಿ?"

ಅದಾದ ಮೇಲೆ ಟೀವಿಯಲ್ಲಿ ಕೂತು, ಈ ಧಾಟಿ ತನಗೆ ಹೊರದೇಶದ ಕಡಲ ದಂಡೆಯಲ್ಲಿ ನಡೆಯುವಾಗ ಹೊಳೆದದ್ದು ಎಂದು ಹೇಳಿದ. ಹಸನಬೀ ಅದನ್ನು ನೋಡಿ ಟೀವಿಗೆ ಬೈದಳು. ನಿಶಾತ ಬೈಯಲಿಲ್ಲ. ಮುಂದಿನ ಸಲ ಫೋನು ಬಂದಾಗ, "ಕುದುರಿ ಸತ್ತೈತ್ರಿ. ನೀವು ಕಡಲ ದಂಡಿಗೆ ಹೋಗಿ ನೋಡ್ರಿ, ಬ್ಯಾರೆ ಸಿಕ್ಕರೂ ಸಿಕ್ಕೀತು," ಎಂದು ಇಟ್ಟಳು. ಮತ್ತೆ ಎತ್ತಲಿಲ್ಲ.

ಸಿನಿಮಾ ಬಿಟ್ಟಳು, ಪೇಟಿ ಬಿಡಲಿಲ್ಲ. ಭಜನೆಗೆ ಕರೆದರೆ ಭಜನೆಗೆ, ಉರುಸಿಗೆ ಕರೆದರೆ ಉರುಸಿಗೆ, ಶಾಲೆಯ ಮಕ್ಕಳಿಗೆ ಪಾಠಕ್ಕೆ ಕರೆದರೆ ಅದಕ್ಕೂ ಹೋದಳು. ಆದರೆ ಒಂದು ಆಸೆ ಅವಳೊಳಗೆ ಸಾಯಲಿಲ್ಲ. ಪರದೆಯ ಮೇಲೆ ತನ್ನ ಹೆಸರು ಒಂದು ಸಲ ಬರಬೇಕು. ಅದನ್ನು ಅವಳು ಮುಚ್ಚಿಟ್ಟವಳೂ ಅಲ್ಲ. ವಾಹೀದನ ಜೊತೆ ಸಿನಿಮಾಕ್ಕೆ ಹೋದರೆ ಜನ ಎದ್ದು ಹೋದ ಮೇಲೂ ಕೊನೆಯ ಹೆಸರು ಮೇಲೆ ಹೋಗುವ ತನಕ ಕೂತಿರುತ್ತಿದ್ದಳು.

ಹಾಗಿರುವಾಗ ಮನೆ ಬಾಗಿಲಿಗೆ ಶೋಭಾರಾಣಿ ಬಂದಳು. ಕುಷ್ಟಗಿಯ ಹುಡುಗಿ, ಮೊಬೈಲಿನಲ್ಲಿ ಕಿರುಚಿತ್ರ ಮಾಡಿ ಹೆಸರು ಗಳಿಸಿ, ಈಗ ಮೊದಲ ದೊಡ್ಡ ಸಿನಿಮಾಕ್ಕೆ ಕೈ ಹಾಕಿದ್ದಳು. ಗಿರಣಿಯ ಕೂಲಿ ಕೆಲಸದ ವಿಧವೆಯೊಬ್ಬಳು, ಅಲ್ಲೇ ಹಮಾಲಿ ಮಾಡುವ ವಯಸ್ಸಾದವನೊಬ್ಬ, ಟೀವಿಯಲ್ಲಿ ಟ್ಯಾಂಗೋ ನೋಡಿ ಮನಸೋತು, ಭತ್ತ ಒಣಹಾಕುವ ಕಣದಲ್ಲಿ ತಾವೂ ಕುಣಿಯುವ ಕಥೆ.

"ಅತ್ತೀ, ಆಂವ ಟೀವಿಯಾಗ ಹೇಳಿದ್ದು ಸುಳ್ಳಂತ ನನಗ ಗೊತ್ತೈತಿ," ಎಂದಳು ಶೋಭಾರಾಣಿ. "ನನ್ನ ಸಿನಿಮಾದಾಗ ಸಂಗೀತ ನಿಶಾತ ಅಂತ ಒಂದ ಹೆಸರು ಬರ್ತೈತಿ. ಪರದಿ ತುಂಬ. ಮಗ್ಗಲಕ ಯಾರದೂ ಇರಂಗಿಲ್ಲ."

ನಿಶಾತ ಒಪ್ಪಿದಳು. ಒಪ್ಪದೆ ಏನು. ಆ ರಾತ್ರಿಯ ಅಡಿಗೆಗೆ ಉಪ್ಪು ಹಾಕಲು ಮರೆತಳು ಎಂದು ವಾಹೀದ ಇಂದಿಗೂ ಹೇಳಿ ನಗುತ್ತಾನೆ.

ದುಡ್ಡು ಹಾಕಿದವರು ವಿರುಪಣ್ಣ ಸಾವಕಾರ. ಎರಡು ಗಿರಣಿಯ ಒಡೆಯರು, ಸಿನಿಮಾದ ಹುಚ್ಚು ಕಾಲೇಜು ದಿನದಿಂದಲೂ ಇದ್ದವರು. ಶೂಟಿಂಗು ಸಿದ್ದಾಪುರದಲ್ಲಿ, ನಿಂತುಹೋದ ಗಿರಣಿಯೊಂದರ ಕಣದಲ್ಲಿ. ವಿಧವೆಯ ಪಾತ್ರ ಹುಲಿಗವ್ವನದು. ನಾಟಕ ಕಂಪನಿಯಲ್ಲಿ ನಿಶಾತಳ ಪೇಟಿಗೆ ವರ್ಷಗಟ್ಟಲೆ ಹಾಡಿದ ನಟಿ ಆಕೆ, ವಯಸ್ಸು ಅರವತ್ತು ದಾಟಿತ್ತು, ಸೊಂಟ ಹಿಡಿದುಕೊಳ್ಳುತ್ತಿತ್ತು. ಪಾಪ, ಜೀವನದಲ್ಲಿ ಪರಪುರುಷನ ಕೈ ಹಿಡಿದು ಕುಣಿದವಳಲ್ಲ. ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ, ನಿಶಾತ ಎದುರಿಗೆ ಕೂತು ನುಡಿಸುತ್ತಿದ್ದಂತೆ, ಹುಲಿಗವ್ವ ಕಲಿತಳು. ಮೂರು ಹೆಜ್ಜೆ ನೆಟ್ಟಗೆ ಇಟ್ಟು, ನಾಲ್ಕನೆಯದನ್ನು ಗಾಳಿಯಲ್ಲಿ ಒಂದು ಗಳಿಗೆ ಹಿಡಿದು, ಆಮೇಲೆ ಇಡುವುದು. ಆ ಗಾಳಿಯಲ್ಲಿ ನಿಂತ ಕಾಲಲ್ಲೇ ಇಡೀ ಸಿನಿಮಾ ಇತ್ತು ಎಂದರೂ ತಪ್ಪಲ್ಲ.

ಎಲ್ಲ ಮುಗಿದ ಮೇಲೆ ಗಂಗಾವತಿಯ ಟಾಕೀಜಿನಲ್ಲಿ ಒಂದು ಬೆಳಗಿನ ಆಟ ಇಟ್ಟುಕೊಂಡು ವಿರುಪಣ್ಣ ಊರ ಮಂದಿಯನ್ನೆಲ್ಲ ಕರೆದರು. ಹಮಾಲರು, ಅಡತಿ ಅಂಗಡಿಯ ದಲ್ಲಾಳಿಗಳು, ಹಳೆಯ ನಾಟಕದವರು, ಟಾಕೀಜು ತುಂಬಿತು. ಸಿನಿಮಾ ಮುಗಿದ ಮೇಲೆ ಸನ್ಮಾನ ಎಂದು ಪರದೆಯ ಮುಂದಿನ ಕಟ್ಟೆಯ ಮೇಲೆ ಶಾಲು, ಹಾರ, ಜೊತೆಗೆ ನಿಶಾತ ಒಂದು ಹಾಡು ನುಡಿಸಲೆಂದು ಅವಳ ಪೇಟಿಯನ್ನೂ ತರಿಸಿ ಇಟ್ಟಿದ್ದರು.

ದೀಪ ಆರಿತು. ಹೆಸರುಗಳು ಬರತೊಡಗಿದವು. ಸಂಗೀತ: ನಿಶಾತ ಬಾಬಾಸಾಬ, ಗಂಗಾವತಿ. ಪರದೆ ತುಂಬ, ಒಬ್ಬಳದೇ. ಮಂದಿ ಸೀಟಿ ಹೊಡೆದರು. ನಿಶಾತಳಿಗೆ ಅಪ್ಪ ಇರಬೇಕಿತ್ತು ಎನ್ನಿಸಿತು. ವಾಹೀದ ಏನೋ ಹೇಳಿದ, ಅವಳಿಗೆ ಕೇಳಿಸಲಿಲ್ಲ.

ಅರ್ಧ ಸಿನಿಮಾ ಆದ ಮೇಲೆ ಕಣದ ಕುಣಿತ ಬಂತು. ನಾಲ್ಕು ಹೆಜ್ಜೆ ಕೇಳುವಷ್ಟರಲ್ಲಿ ನಿಶಾತ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಒಂದು, ಎರಡು, ಮೂರು, ನಾಲ್ಕು. ಎಲ್ಲ ಸರಿಸಮ, ಅಳೆದು ಇಟ್ಟ ಹಾಗೆ. ನಾಲ್ಕನೆಯದು ತಡೆಯಲಿಲ್ಲ. ರಾಗ ಅವಳದೇ, ಪೇಟಿಯ ದನಿಯೂ ಅವಳದೇ, ಆದರೆ ಯಾರೋ ಕಂಪ್ಯೂಟರಿಗೆ ಹಾಕಿ ಬಿಜಲಿಯ ಕಾಲು ನೆಟ್ಟಗೆ ಮಾಡಿಬಿಟ್ಟಿದ್ದರು. ಅವಳು ಶೋಭಾರಾಣಿಯ ಕಡೆ ನೋಡಿದಳು. ಆ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಗೊತ್ತಿತ್ತು.

ಆ ಗಳಿಗೆಯಲ್ಲಿ ನಿಶಾತ ಸುಮ್ಮನಿರಲು ತಯಾರಾಗಿದ್ದಳು. ಈ ಮಾತನ್ನು ಅವಳೇ ಬಾಯಿಬಿಟ್ಟು ಹೇಳುತ್ತಾಳೆ. ಮೂರು ದಶಕ ಕಾದ ಹೆಸರು ಈಗಷ್ಟೇ ಬಂದಿದೆ, ಒಂದು ಕುದುರೆಯ ಕಾಲು ಯಾರಿಗೆ ತಿಳಿಯುತ್ತದೆ, ಹಲ್ಲು ಕಚ್ಚಿ ಕೂತರೆ ಆಯಿತು ಎಂದುಕೊಂಡಳು.

ಆಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರದೆಯ ಮೇಲೆ ಹಮಾಲನ ಪಾತ್ರದವನ ಕೈ ಹಿಡಿದು, ಅವನನ್ನು ಮರೆ ಮಾಡಿ ಮುಂದೆ ಹುಲಿಗವ್ವ ಕುಣಿಯುತ್ತಿದ್ದಳು. ತಾಳ ಮುಂದೆ ಹೋಗುತ್ತಿತ್ತು, ಅವಳ ಕಾಲು ಹಿಂದೆ ಬೀಳುತ್ತಿತ್ತು. ಪ್ರತಿ ಸಲವೂ ತಡ. "ಮುದುಕಿಗೆ ತಾಳ ತಪ್ಪಾಕ್ಹತ್ತೈತಲೇ," ಎಂದಿತು ಒಂದು ದನಿ. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

ನಿಶಾತಳ ಪಕ್ಕದಲ್ಲೇ ಕೂತಿದ್ದ ಹುಲಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿಶಾತಾ," ಎಂದು ಪಿಸುಗುಟ್ಟಿದಳು, "ನಾ ಹಿಂಗ ಕುಣದಿದ್ನೇನವಾ?"

"ಇಲ್ಲ ಯಕ್ಕಾ. ನೀ ಬರೋಬರಿ ಕುಣದೀ," ಎಂದು ನಿಶಾತ ಎದ್ದು ನಿಂತಳು. "ಸಿನಿಮಾ ನಿಂದ್ರಸ್ರಿ," ಎಂದಳು, ಇಡೀ ಟಾಕೀಜಿಗೆ ಕೇಳುವಂತೆ.

ಮುಂದಿನ ಸಾಲಿನಲ್ಲಿ ವಿರುಪಣ್ಣ ತಿರುಗಿ ನೋಡಿದರು. ನಿಶಾತ ಅಷ್ಟರಲ್ಲಿ ಕಟ್ಟೆ ಹತ್ತಿದ್ದಳು. ಹಾರ ಶಾಲುಗಳನ್ನು ಬದಿಗೆ ಸರಿಸಿ ಪೇಟಿಯ ಮುಂದೆ ಕೂತಳು. "ಶೋಭಾ, ಈ ಕುಣಿತ ಮೊದಲಿಂದ ಹಚ್ಚು. ಸೌಂಡು ಬಂದ್ ಮಾಡು."

ಶೋಭಾರಾಣಿ ಒಮ್ಮೆ ಸಾವಕಾರರ ಮುಖ ನೋಡಿದಳು, ಒಮ್ಮೆ ನಿಶಾತಳ ಮುಖ ನೋಡಿದಳು. ಆಮೇಲೆ ಮೆಟ್ಟಿಲು ಹತ್ತಿ ಯಂತ್ರದ ಕೋಣೆಗೆ ಓಡಿದಳು.

ಪರದೆ ಮತ್ತೆ ಬೆಳಗಿತು, ಶಬ್ದವಿಲ್ಲದೆ. ನಿಶಾತ ಕತ್ತು ಹೊರಳಿಸಿ ಹುಲಿಗವ್ವನ ಕಾಲನ್ನೇ ನೋಡುತ್ತ ನುಡಿಸಿದಳು. ಒಂದು, ಎರಡು, ಮೂರು. ಹುಲಿಗವ್ವನ ಕಾಲು ಗಾಳಿಯಲ್ಲಿ ನಿಂತಿತು, ಪೇಟಿಯೂ ನಿಂತಿತು. ಕಾಲು ಇಳಿಯಿತು, ಸ್ವರವೂ ಇಳಿಯಿತು. ಟಾಕೀಜಿನಲ್ಲಿ ಯಾರೂ ನಗಲಿಲ್ಲ. ಕುಣಿತದ ಅರ್ಧಕ್ಕೆ ಹಮಾಲರ ಸಾಲು ಆ ನಾಲ್ಕನೆಯ ಹೆಜ್ಜೆಗಾಗಿ ಉಸಿರು ಬಿಗಿಹಿಡಿದು ಕಾಯತೊಡಗಿತ್ತು, ಬಿದ್ದ ಕೂಡಲೇ ಹೋ ಎನ್ನುತ್ತಿತ್ತು. ಹುಲಿಗವ್ವ ಸೆರಗು ಬಾಯಿಂದ ತೆಗೆದು ತನ್ನನ್ನು ತಾನೇ ನೋಡುತ್ತ ಕೂತಳು.

ಸಿನಿಮಾ ಮುಗಿದ ಮೇಲೆ ಟಿಕೀಟು ಕಿಟಕಿಯ ಹತ್ತಿರ ಜಗಳ ಆಯಿತು. ವಿರುಪಣ್ಣ ಕೆಟ್ಟ ಮನುಷ್ಯರಲ್ಲ. ದೊಡ್ಡ ಚಿತ್ರೋತ್ಸವಕ್ಕೆ ಸಿನಿಮಾ ಕಳಿಸಬೇಕೆಂದು ಅಲ್ಲಿಯ ಯಾರೋ ತಿಳಿದವರಿಗೆ ತೋರಿಸಿದ್ದರು. ತಾಳ ತಪ್ಪಿದೆ, ಟ್ಯಾಂಗೋ ಹೀಗಿರುವುದಿಲ್ಲ, ಸರಿ ಮಾಡಿಸಿ ಎಂದು ಅವರು ಹೇಳಿದ್ದರು. ಇವರು ಸ್ಟುಡಿಯೋಕ್ಕೆ ದುಡ್ಡು ಸುರಿದು ಸರಿ ಮಾಡಿಸಿದ್ದರು, ಅಷ್ಟೇ.

"ಪಾಲಿಶ್ ಮಾಡ್ಸೇನ್ರಿ ನಿಶಾತಮ್ಮಾ. ಪಾಲಿಶ್ ಇಲ್ಲದ ಅಕ್ಕಿ ಯಾರು ಒಯ್ತಾರ?"

"ಛಲೋ ಪಾಲಿಶ್ ಮಾಡ್ಸೀರಿ ಸಾವಕಾರ್ರ. ಹೊಟ್ಟು ತಗದ್ರಿ, ತೌಡು ತಗದ್ರಿ, ಅಕ್ಕೀನೂ ತಗದ್ರಿ."

"ಟ್ಯಾಂಗೋ ಅಂದ್ರ ಹಿಂಗ ಇರಂಗಿಲ್ಲಂತ. ತಿಳದವರು ಹೇಳ್ಯಾರ."

"ಖರೇ ಹೇಳ್ಯಾರ. ಟ್ಯಾಂಗೋ ಹಿಂಗ ಇರಂಗಿಲ್ಲ. ಇದು ಟಾಂಗಾ."

"ಟಾಂಗಾ ಅಂತ ಬರದ್ರ ಅಕ್ಷರ ತಪ್ಪ್ಯಾವ ಅಂತಾರ."

"ಅನ್ಲಿ ಬಿಡ್ರಿ."

ವಿರುಪಣ್ಣನವರಿಗೆ ಸಿಟ್ಟು ಬಂದರೆ ಮೊದಲು ಉದುರುವುದು ಬಹುವಚನ. "ಹೆಸರು ಹಾಕಸೇನಲ್ಲ ನಿಂದು? ಇನ್ನೇನ ಬೇಕು ನಿನಗ?"

"ಆ ಹೆಸರು ತಗೀರಿ," ಎಂದಳು ನಿಶಾತ.

ಶೋಭಾರಾಣಿ "ಅತ್ತೀ" ಎಂದಳು. ನಿಶಾತಳ ತೋಳು ಹಿಡಿದಳು.

"ಹುಚ್ಚಿ ಏನ ನೀನು? ಅದರ ಸಲುವಾಗಿ ಎಷ್ಟ ವರ್ಷ ಕಾದೀ," ಎಂದರು ವಿರುಪಣ್ಣ. ಈ ಸಲ ಅವರ ದನಿಯಲ್ಲಿ ಸಿಟ್ಟಿಗಿಂತ ಕನಿಕರ ಇತ್ತು.

"ಭಾಳ ವರ್ಷ ಕಾದೀನ್ರಿ. ಅದಕ ಹೇಳಾಕ್ಹತ್ತೀನಿ. ತಪ್ಪು ಮಾಡದ ಹೆಣಮಗಳನ್ನ ನೋಡಿ ಮಂದಿ ನಕ್ಕರು. ಆ ನಗೀ ಮ್ಯಾಲ ನನ್ನ ಹೆಸರು ಬರಿಬ್ಯಾಡ್ರಿ. ನನ್ನ ರಾಗ ಇದ್ದಂಗ ಹಚ್ತೀರಿ ಅಂದ್ರ ಹೆಸರು ಇರ್ಲಿ. ಇಲ್ಲಂದ್ರ ಎರಡೂ ಬ್ಯಾಡ."

ವಿರುಪಣ್ಣ ಬಗ್ಗಲಿಲ್ಲ. ಸಿನಿಮಾ ಉತ್ಸವಕ್ಕೆ ಹೋಗಿಬಿಟ್ಟಿತ್ತು, ಮತ್ತೆ ಸ್ಟುಡಿಯೋ ಮೆಟ್ಟಿಲು ಹತ್ತಲು ಅವರಿಗೆ ಮನಸ್ಸಿರಲಿಲ್ಲ, ಮೇಲಾಗಿ ಊರ ಮುಂದೆ ಮುಖಭಂಗವಾಗಿತ್ತು. ನೆಟ್ಟಗಾದ ರಾಗವನ್ನು ಹಾಗೇ ಉಳಿಸಿ ಹೆಸರಷ್ಟೇ ತೆಗೆಸಿದರು. ಅಲ್ಲಿ ಬೇರೆ ಯಾರ ಹೆಸರನ್ನೂ ಹಾಕಲು ಶೋಭಾರಾಣಿ ಬಿಡಲಿಲ್ಲ. ಆ ಒಂದು ವಿಷಯದಲ್ಲಿ ಅವಳು ನೆಲ ಕಚ್ಚಿ ನಿಂತಳು.

ಮನೆಗೆ ಹೋಗುವ ದಾರಿಯಲ್ಲಿ ಆಟೋದಲ್ಲಿ ಕೂತು ನಿಶಾತ ಅತ್ತಳು. ಮಾಡಿದ್ದು ತಪ್ಪೆಂದು ಅನ್ನಿಸಿ ಅತ್ತದ್ದಲ್ಲ. ಹೆಸರು ಬೇಕಾಗಿತ್ತು, ಅದು ಹೋಯಿತು, ಅದಕ್ಕೆ ಅತ್ತಳು. ವಾಹೀದ ಅವಸರ ಮಾಡದೆ ಕಾಲುವೆಯ ಮೇಲೆ ಸುತ್ತು ಹಾಕಿ ಬಂದ. ಅವಳು ಕಣ್ಣು ಒರೆಸಿಕೊಂಡು ಮುಗಿಸಿದ ಮೇಲೆಯೇ ಓಣಿಗೆ ಆಟೋ ತಿರುಗಿಸಿದ.

ಸಿನಿಮಾ ಬಿಡುಗಡೆಯಾದಾಗ ಒಂದು ತಮಾಷೆ ನಡೆಯಿತು. ಬೆಳಗಿನ ಆಟ ನೋಡಿದವರು ಊರ ತುಂಬ ಹೇಳಿಕೊಂಡು ತಿರುಗಿದ್ದರಿಂದ, ಬಂದ ಜನ ಟಿಕೀಟು ಕೊಳ್ಳುವ ಮೊದಲು "ನಿಶಾತ ಕುಂತು ಪೇಟಿ ಬಾರಸ್ತಾಳೇನ್ರಿ?" ಎಂದು ಕೇಳತೊಡಗಿದರು. ಇಲ್ಲವೆಂದರೆ ಚಹಾ ಅಂಗಡಿಯ ಕಡೆ ಹೋಗಿಬಿಡುತ್ತಿದ್ದರು. ವಿರುಪಣ್ಣ ಹಟಮಾರಿ ಇರಬಹುದು, ಆದರೆ ವ್ಯಾಪಾರಿ. ಶೋಭಾರಾಣಿಯನ್ನೇ ನಿಶಾತಳ ಮನೆಗೆ ಕಳಿಸಿದರು.

ನಿಶಾತ ಕರಾರು ಹೇಳಿದಳು. ಕಣದ ಕುಣಿತಕ್ಕೆ ಸೌಂಡು ಬಂದ್ ಮಾಡಬೇಕು, ತಾನು ನುಡಿಸಬೇಕು. ಹುಲಿಗವ್ವ ಮಂದಿಯೊಳಗೆ ಕೂಡದೆ ಕಟ್ಟೆಯ ಮೇಲೆ ತನ್ನ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಕೂಡಬೇಕು. ಹೊರಗಿನ ಬೋರ್ಡಿನಲ್ಲಿ ಟಾಂಗಾ ಎಂದೇ ಬರೆಯಬೇಕು. ಬೋರ್ಡಿನಲ್ಲಿ ಏನಾದರೂ ಬರೆದುಕೊಳ್ಳಲಿ ಎಂದರು ವಿರುಪಣ್ಣ.

ಹಾಗೆ ಶುರುವಾಯಿತು ಅವಳ ತಿರುಗಾಟ. ಗಂಗಾವತಿಯಲ್ಲಿ ಒಂದು ವಾರಕ್ಕೆಂದು ಕೂತವಳು ಮಂದಿ ಬಿಡದೆ ಮತ್ತೂ ಕೂತಳು. ಕೊಪ್ಪಳದಲ್ಲಿ ಕೋರ್ಟಿನ ವಕೀಲರು, ಮೆಡಿಕಲ್ ಕಾಲೇಜಿನ ಹುಡುಗ ಹುಡುಗಿಯರು ಬಂದರು. ಅದರಲ್ಲೊಬ್ಬ ಹುಡುಗ ಇದು ನಿಜವಾದ ಟ್ಯಾಂಗೋ ಅಲ್ಲ ಎಂದು ಮೊಬೈಲಿನಲ್ಲಿ ಹಚ್ಚಿ ತೋರಿಸಲು ಬಂದ. ನಿಶಾತ ಪೂರ್ತಿ ಕೇಳಿ, "ಛಲೋ ಐತಪಾ, ಆದ್ರ ಅವರ ಕುದುರಿಗೆ ನಾಲ್ಕೂ ಕಾಲು ನೆಟ್ಟಗ ಅದಾವ," ಎಂದು ಕಳಿಸಿದಳು. ಕುಷ್ಟಗಿಯಲ್ಲಿ ಶೋಭಾರಾಣಿಯ ಬಂಧುಬಳಗವೇ ಅರ್ಧ ಟಾಕೀಜು ತುಂಬಿತು.

ಅಲ್ಲಿಗೆ ವಿರುಪಣ್ಣ ತಾವೇ ಬಂದರು. ಸಿನಿಮಾ ಉತ್ಸವಕ್ಕೆ ಆಯ್ಕೆಯಾಗಿರಲಿಲ್ಲ, ಆದರೆ ನಮ್ಮ ಕಡೆ ಓಡುತ್ತಿತ್ತು. ಅವರ ಬಹುವಚನ ಮರಳಿ ಬಂದಿತ್ತು. "ನಿಮ್ಮ ಹೆಸರು ಪರದಿ ಮ್ಯಾಲ ಮತ್ತ ಹಾಕಸ್ತೀನ್ರಿ. ಬೆಂಗಳೂರಿನಾಗೂ ಬರ್ತೈತಿ, ಎಲ್ಲಾ ಕಡೆ ಬರ್ತೈತಿ. ಆದ್ರ ರಾಗ ಮಾತ್ರ ಈಗ ಇದ್ದಂಗ ಇರ್ಲಿ. ನೀವು ಇಲ್ಲಿ ಬಾರಸ್ರಿ, ಅಲ್ಲಿ ಅದು ಬಾರಸ್ತೈತಿ. ಇಬ್ಬರದೂ ನಡೀತೈತಿ."

ನಿಶಾತಳಿಗೆ ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಂಗಳೂರಿನ ಪರದೆಯ ಮೇಲೆ, ಆ ಕಡಲ ದಂಡೆಯ ಮಹಾಶಯ ಕೂತು ಓದುವಂತೆ ತನ್ನ ಹೆಸರು ಬಂದರೆ ಹೇಗಿದ್ದೀತು ಎಂದು ಯೋಚಿಸಿದಳು. ಪಕ್ಕದಲ್ಲಿ ಹುಲಿಗವ್ವ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು.

"ಅಲ್ಲಿ ಮಂದಿ ಈಕೀನ ನೋಡಿ ನಗೂದಿಲ್ಲೇನ್ರಿ ಸಾವಕಾರ್ರ?" ಎಂದು ಕೇಳಿದಳು. ವಿರುಪಣ್ಣ ಹುಲಿಗವ್ವನ ಕಡೆ ನೋಡಿ ಮುಖ ತಿರುಗಿಸಿದರು. "ಹಂಗಾರ ಬ್ಯಾಡ ಬಿಡ್ರಿ," ಎಂದಳು.

ಯಲಬುರ್ಗಾದಲ್ಲಿ ಕಲ್ಯಾಣ ಮಂಟಪವೊಂದರಲ್ಲಿ ಪರದೆ ಕಟ್ಟಿದರು. ಮದುವೆಯ ಕುರ್ಚಿಗಳು ಸಾಲದೆ ಜನ ನೆಲದ ಮೇಲೆ ಕೂತರು. ಕಣದ ಕುಣಿತಕ್ಕೆ ನಿಶಾತ ನುಡಿಸಿದಳು, ಹುಲಿಗವ್ವ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಸಿನಿಮಾ ಮುಗಿದು ಹೆಸರುಗಳು ಮೇಲೇರತೊಡಗಿದಾಗಲೂ ಜನ ಏಳಲಿಲ್ಲ. ಮುಂದೆ ಕೂತಿದ್ದ ಹೊಳಿಯಮ್ಮ ಎಂಬ ಮುದುಕಿಗೆ ಓದಲು ಬರುತ್ತಿರಲಿಲ್ಲ. ಮೊಮ್ಮಗಳಿಂದ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿಸುತ್ತ ಕೂತಿದ್ದಳು. ಪರದೆ ಕಪ್ಪಾಯಿತು. ಮುದುಕಿ ಕಟ್ಟೆಯ ಹತ್ತಿರ ಸರಿದು ಕೇಳಿದಳು.

"ಯವ್ವಾ, ಎಲ್ಲಾರ ಹೆಸರು ಬಂತಂತ. ಚಹಾ ಕೊಟ್ಟಾಂವಂದೂ ಬಂತಂತ. ನಿಂದ್ಯಾಕ ಬರ್ಲಿಲ್ಲ?"

ಮಂಟಪದಲ್ಲಿ ಎಲ್ಲರೂ ನಿಶಾತಳ ಕಡೆ ನೋಡಿದರು. ಅವಳು ಪೇಟಿಯ ಮೇಲಿಂದ ಕೈ ತೆಗೆಯಲಿಲ್ಲ.

"ಇಲ್ಲಿ ಇಲ್ಲದವರ ಹೆಸರು ಪರದಿ ಮ್ಯಾಲ ಹಾಕ್ತಾರ ಯಮ್ಮಾ," ಎಂದಳು. "ನಾ ಇಲ್ಲೇ ಕುಂತೀನಲ್ಲ."